ನಾನು ಕಾಣದ ದ್ವೀಪದ ಸಣ್ಣ ಕಲ್ಲುಗಳು

ನಾನು ಇಷ್ಟು ವರ್ಷ ಏನು ಕೆಲಸ ಮಾಡಿದೆ ಎಂದು ಹೇಳಿದರೆ ಜನ ಮೊದಲು ನಗುತ್ತಾರೆ. ಯಾವುದೋ ದೇಶದ ಪಾಳು ಕೋಟೆ, ಮುರಿದ ಚರ್ಚು, ಅರ್ಧ ಬಿದ್ದ ಗೋಡೆ, ಇವುಗಳ ನಕ್ಷೆಯನ್ನು ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಕೂತು ಬರೆಯುವುದು. ಅಲ್ಲಿಗೆಲ್ಲ ಹೋಗಿದ್ದೀರಾ ಎಂದು ಕೇಳುತ್ತಾರೆ. ಇಲ್ಲ, ಒಂದನ್ನೂ ನೋಡಿಲ್ಲ. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ಕೇಳುತ್ತಾ ಒಂದೊಂದೇ ಕಲ್ಲನ್ನು ಗೆರೆಯಲ್ಲಿ ಸುತ್ತಿದ್ದೇನೆ, ಅಷ್ಟೇ.

ಈಗ ಬೆಂಗಳೂರು ಮೈಸೂರುಗಳಲ್ಲೂ ಇಂಥ ಆಫೀಸುಗಳು ಬಂದಿವೆಯಂತೆ. ಡಿಪ್ಲೊಮಾ ಮುಗಿಸಿದ ಹುಡುಗಿಯರು ಸೇರುತ್ತಿದ್ದಾರಂತೆ. ಬಿಸಿಲಿಲ್ಲ, ಧೂಳಿಲ್ಲ, ತಣ್ಣಗೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಎಂದು ಅವರಿಗೆ ಹೇಳಿರುತ್ತಾರೆ. ಧೂಳಿಲ್ಲ ಅನ್ನುವುದು ನಿಜ. ಮಿಕ್ಕದ್ದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಏನು ಹೊಗಳಿದರು ಎಂಬುದೆಲ್ಲ ನನಗೇ ಆಕಳಿಕೆ ತರಿಸುವ ವಿಷಯ. ಅದನ್ನು ಬಿಡುತ್ತೇನೆ.

ನಾನು ಮೈಸೂರಿನಲ್ಲಿ ಸಿವಿಲ್ ಡ್ರಾಫ್ಟಿಂಗ್ ಕಲಿತವಳು. ಮದುವೆಯಾಗಿ ನೈರೋಬಿಗೆ ಬಂದೆ. ನನ್ನ ಗಂಡ ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಎಂಜಿನಿಯರ್. ಪಕ್ಕದ ಫ್ಲಾಟಿನಲ್ಲಿ ಮಂಗಳೂರು ಕಡೆಯ ಶೆಣೈ ದಂಪತಿ ಇದ್ದರು. ಶೆಣೈ ಸರ್ವೆಯರ್. ಹೆಂಡತಿಯೊಡನೆ ಕೊಂಕಣಿ, ನಮ್ಮೊಡನೆ ಕನ್ನಡ, ಕೆಲಸದವರೊಡನೆ ಸ್ವಾಹಿಲಿ, ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಅವರು ಸ್ವಂತ ಆಫೀಸು ತೆರೆದಾಗ ಮೊದಲು ಕರೆದದ್ದು ನನ್ನನ್ನು. ಅದಕ್ಕೊಂದು ಕಾರಣವಿತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನನ್ನ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಗಂಡು ಮಗು. ನನ್ನ ಗಂಡ ಕಾರ್ಖಾನೆಯ ಸಾಮಾನು ಬಿಡಿಸಿಕೊಳ್ಳಲು ಮೊಂಬಾಸಾ ಬಂದರಿಗೆ ಹೋಗಿ, ಮಳೆಗೆ ರಸ್ತೆ ಕೊಚ್ಚಿಹೋಗಿ ಅಲ್ಲೇ ಸಿಕ್ಕಿಕೊಂಡಿದ್ದರು. ಮಗುವನ್ನು ಆಸ್ಪತ್ರೆಯಿಂದ ಶೆಣೈ ಅವರೇ ತೆಗೆದುಕೊಂಡು ಹೋದರು. ನಮ್ಮಲ್ಲಿ ಅಷ್ಟು ಸಣ್ಣ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಹೆಸರಿಲ್ಲ, ತಿಥಿಯಿಲ್ಲ, ಮೇಲೊಂದು ಗುರುತೂ ಇಡುವುದಿಲ್ಲ. ಹೆಂಗಸರು ಜೊತೆಗೆ ಹೋಗುವ ಮಾತೇ ಇಲ್ಲ. ಸಂಜೆ ಶೆಣೈ ಅವರ ಹೆಂಡತಿ ನನಗೆ ಗಂಜಿ ಕುಡಿಸುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು "ಆಯಿತು" ಎಂದರು. ಎಲ್ಲಿ ಎಂದು ನಾನು ಕೇಳಲಿಲ್ಲ. ನನ್ನ ಗಂಡ ಬಂದ ಮೇಲೆ ಅವರೂ ಕೇಳಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಾನು ದಿನವಿಡೀ ಗೋಡೆ ನೋಡುತ್ತಾ ಕೂತಿರುತ್ತಿದ್ದೆ.

"ಗೋಡೆಯೇ ನೋಡುದಾದ್ರೆ ನಮ್ಮ ಆಫೀಸಿಗೆ ಬಂದು ನೋಡು ಮಾರಾಯ್ತಿ, ಅಲ್ಲಿ ಬೇಕಾದಷ್ಟು ಗೋಡೆ ಉಂಟು" ಎಂದು ಶೆಣೈ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಮುಂದೆ ಮಗಳು ಹುಟ್ಟಿದಳು, ಬೆಳೆದಳು. ಆ ಮೊದಲ ಮಗುವಿನ ಮಾತು ಮಾತ್ರ ನಮ್ಮ ಎರಡು ಮನೆಗಳಲ್ಲಿ ಮತ್ತೆ ಬರಲಿಲ್ಲ.

ಶೆಣೈ ಅವರ ಕೈಕೆಳಗೆ ಪಳಗಿದವರಿಗೆ "ಎಲ್ಲೋ" ಎಂಬ ಒಂದು ಮಾತು ಕೇಳಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಸೇರಿದ ಹೊಸದರಲ್ಲಿ ಅವರು ಒಂದು ಬಾಗಿಲಿನ ಜಾಗ ಕೇಳಿದಾಗ ನಾನು ನಕ್ಷೆಯ ಮೇಲೆ ಬೆರಳಾಡಿಸಿ, "ಇಲ್ಲೇ ಎಲ್ಲೋ ಬರತ್ತೆ ಸಾರ್" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲೋ ಅಂದ್ರೆ ಎಂತ? ಎಲ್ಲೋ ಅಂತ ಹೇಳ್ಲಿಕ್ಕೆ ದಾರಿಯಲ್ಲಿ ಹೋಗುವವ ಸಾಕು, ಸರ್ವೆಯರ್ ಯಾಕೆ? ಮೂಲೆಯಿಂದ ಎಷ್ಟು, ನೆಲದಿಂದ ಎಷ್ಟು, ಅದನ್ನು ಹೇಳು. ಗೊತ್ತಿಲ್ಲವಾ, ಗೊತ್ತಿಲ್ಲ ಅಂತ ಹೇಳು, ನಾನು ಬೈಯುದಿಲ್ಲ. ಎಲ್ಲೋ ಮಾತ್ರ ಈ ಆಫೀಸಲ್ಲಿ ಬೇಡ."

ಬೈಯುವುದಿಲ್ಲ ಎಂದದ್ದು ಸುಳ್ಳು. ಗೊತ್ತಿಲ್ಲ ಎಂದರೂ ಬೈಯುತ್ತಿದ್ದರು.

ಆಗ ನಮ್ಮ ಕೆಲಸ ಪಾರದರ್ಶಕ ಹಾಳೆಯ ಮೇಲೆ, ಮಸಿ ಪೆನ್ನಿನಲ್ಲಿ. ವಿದೇಶದಿಂದ ಫೋಟೋಗಳೂ ಅಳತೆಗಳೂ ಬರುತ್ತಿದ್ದವು. ತಪ್ಪಾದರೆ ಬ್ಲೇಡಿನಿಂದ ಮಸಿ ಕೆರೆಯಬೇಕು, ಹೆಚ್ಚು ಕೆರೆದರೆ ಹಾಳೆ ತೂತಾಗುತ್ತಿತ್ತು. ಒಮ್ಮೆ ಶೆಣೈ ಅವರೇ ಹಾಳೆಯನ್ನು ಬೋರಲಾಗಿ ಹಾಕಿ ಪ್ರಿಂಟ್ ತೆಗೆಸಿ ಕಳಿಸಿಬಿಟ್ಟರು. ಪೂರ್ವದ ಬಾಗಿಲು ಪಶ್ಚಿಮಕ್ಕೆ ಹೋಯಿತು. ಗಿರಾಕಿ ಗಾಬರಿಯಾಗಿ ಫೋನ್ ಮಾಡಿದ. "ದಿಕ್ಕು ತಪ್ಪಿದ್ದು, ಜಾಗ ತಪ್ಪಲಿಲ್ಲ" ಎಂದು ಶೆಣೈ ವಾರವಿಡೀ ವಾದಿಸಿದರು. ನಾವು ಬಗ್ಗಿ ನಕ್ಕೆವು, ಅವರ ಎದುರಿಗಲ್ಲ.

ಆಮೇಲೆ ಲೇಸರ್ ಬಂತು. ಅಲ್ಲಿ ಒಂದು ಯಂತ್ರವನ್ನು ನಿಲ್ಲಿಸುತ್ತಾರೆ, ಅದು ಸುತ್ತಲಿನ ಪ್ರತಿಯೊಂದು ಮೈಯನ್ನೂ ಬೆಳಕಿನಿಂದ ಮುಟ್ಟಿ ಲೆಕ್ಕವಿಲ್ಲದಷ್ಟು ಚುಕ್ಕಿಗಳಾಗಿ ಕಳಿಸುತ್ತದೆ. ಆ ಚುಕ್ಕಿಗಳ ನಡುವೆ ಕಲ್ಲು ಎಲ್ಲಿ ಮುಗಿಯಿತು, ಸಂದು ಎಲ್ಲಿ ಶುರುವಾಯಿತು ಎಂದು ಕಂಡುಹಿಡಿದು ಗೆರೆ ಎಳೆಯುವುದು ನಮ್ಮ ಪಾಲಿಗೆ. ಚುಕ್ಕಿ ರಂಗೋಲಿ ಹಾಕಿ ಬೆಳೆದ ನನಗೆ ಇದು ಬೇಗ ಕೈಗೆ ಹತ್ತಿತು. ಆದರೆ ಯಂತ್ರಕ್ಕೆ ಕಲ್ಲು, ಕುರಿ, ಮನುಷ್ಯ ಎಲ್ಲ ಒಂದೇ. ಬೇಡದ್ದನ್ನು ನಾವು ಅಳಿಸಬೇಕು. ಅದಕ್ಕೆ ಆಫೀಸಿನ ಮಾತಿನಲ್ಲಿ "ಕ್ಲೀನಿಂಗ್" ಎಂದು ಹೆಸರು. ಹೊಸಬರು ಕೊಳ್ಳುವ ಪೆಟ್ಟೆಲ್ಲ ಇಲ್ಲೇ.

ನನ್ನ ಪಕ್ಕ ಕೂರುತ್ತಿದ್ದ ವಂಜಿರು ಚುರುಕು ಹುಡುಗಿ. ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಿಸಿ ಬರುವಳು, ತಡವಾದ ದಿನ ತಪ್ಪೆಲ್ಲ ಮಟಾಟು ಡ್ರೈವರನದೇ. ಅವಳು ಸರ್ವೆಯರನೊಬ್ಬ ಗೋಡೆಗೆ ಒರಗಿಸಿಟ್ಟಿದ್ದ ಬೆನ್ನುಚೀಲವನ್ನು ಕಲ್ಲೆಂದು ಬರೆದು ಕಳಿಸಿದಳು. ಗಿರಾಕಿ ಅದನ್ನು ಕಂಡು, ಗೋಡೆಯ ಬುಡದ ಆ ದುಂಡು ಬಂಡೆ ಬಹಳ ಅಪರೂಪದ್ದೆಂದು ಮೆಚ್ಚಿ ಬರೆದ. ನಿಜ ಗೊತ್ತಾದ ದಿನ ವಂಜಿರು ಊಟ ಬಿಟ್ಟಳು. ಅವಳಿಗೆ ನಾನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಬೇಡದ್ದನ್ನು ಬರೆದರೆ ನಗೆಪಾಟಲು, ಇನ್ನೊಬ್ಬರು ತಿದ್ದುತ್ತಾರೆ. ಇರುವುದನ್ನು ಅಳಿಸಿದರೆ ಅದು ಇತ್ತೆಂದೇ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ದ್ವೀಪದ ವಿಷಯ. ಹೆಸರು ಬರೆಯುವುದಿಲ್ಲ, ಕರಾರಿಗೆ ಸಹಿ ಹಾಕಿದ್ದೇನೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಆಚೆ, ಅಟ್ಲಾಂಟಿಕ್ ಸಮುದ್ರದಲ್ಲಿ ಅದೊಂದು ಬಂಡೆಯ ತುಂಡು. ಆ ದೇಶಕ್ಕೆ ಕ್ರೈಸ್ತ ಧರ್ಮ ಬಂದ ಹೊಸದರಲ್ಲಿ ಕೆಲವು ಸಂನ್ಯಾಸಿಗಳು ಜನರ ಸಹವಾಸವೇ ಬೇಡವೆಂದು ಚರ್ಮ ಹೊದಿಸಿದ ದೋಣಿಗಳಲ್ಲಿ ಅಲ್ಲಿಗೆ ಹೋಗಿ ಮಠ ಕಟ್ಟಿಕೊಂಡರು. ಗಾರೆಯಿಲ್ಲ, ಮರವಿಲ್ಲ. ಕಲ್ಲಿನ ಮೇಲೆ ಕಲ್ಲು, ಪ್ರತಿ ಸುತ್ತೂ ಸ್ವಲ್ಪ ಒಳಗೆ ಸರಿಯುತ್ತಾ ತುದಿಯಲ್ಲಿ ಮುಚ್ಚಿಕೊಳ್ಳುವ ಗುಡಿಸಲುಗಳು, ಮಡಕೆ ಬೋರಲು ಹಾಕಿದ ಹಾಗೆ. ಒಂದು ಪುಟ್ಟ ಚರ್ಚು, ಶಿಲುಬೆ ಕೆತ್ತಿದ ಚಪ್ಪಡಿಗಳು, ಸುತ್ತ ಒಂದು ಗೋಡೆ. ಸಂನ್ಯಾಸಿಗಳು ಹೋಗಿ ಶತಮಾನಗಳಾದವು. ಕೆಲವು ಗುಡಿಸಲುಗಳು ಮಾತ್ರ ಇನ್ನೂ ನಿಂತಿವೆ.

ಲೇಸರ್ ಬೆಳಕು ನೀರನ್ನು ಮುಟ್ಟಿದರೆ ಸರಿಯಾಗಿ ವಾಪಸು ಬರುವುದಿಲ್ಲ. ಆದ್ದರಿಂದ ನನ್ನ ಪರದೆಯ ಮೇಲೆ ಸಮುದ್ರವೇ ಇರಲಿಲ್ಲ. ದ್ವೀಪ ಕಪ್ಪಿನ ನಡುವೆ ಸುಮ್ಮನೆ ತೂಗುತ್ತಿತ್ತು. ನನ್ನ ಗಂಡ ತೀರಿಕೊಂಡ ಮರುವರ್ಷ ಅದು. ಮಗಳು ಅವಳ ಸಂಸಾರದಲ್ಲಿದ್ದಳು. ಸಂಜೆ ಎಲ್ಲರೂ ಹೊರಟ ಮೇಲೂ ನಾನು ಆ ಗುಡಿಸಲುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂರುತ್ತಿದ್ದೆ. ಅಷ್ಟು ದೂರ ಹೋಗಿ ಕೂತವರಿಗೂ ಕೊನೆಗೆ ಮಲಗಲು ಒಂದು ಸೂರು ಬೇಕಾಯಿತಲ್ಲ ಎನ್ನಿಸುತ್ತಿತ್ತು. ಖುಷಿ ಕೊಡುವ ಕೆಲಸವಲ್ಲ ಅದು, ಆದರೂ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ.

ಚರ್ಚಿನ ಉತ್ತರ ಬದಿಯ ಇಳಿಜಾರನ್ನು ಕ್ಲೀನ್ ಮಾಡುವಾಗ ಹುಲ್ಲಿನ ನಡುವೆ ಸಣ್ಣ ಸಣ್ಣ ಕಲ್ಲುಗಳು ಕಂಡವು. ಮೊಣಕಾಲಿಗೂ ಬಾರದವು. ಗಿರಾಕಿಯ ನಿಯಮ ಸ್ಪಷ್ಟವಾಗಿತ್ತು. ಕಟ್ಟಡಕ್ಕೆ ಅಂಟಿಕೊಳ್ಳದ ಸಣ್ಣ ಕಲ್ಲು ಸಡಿಲ ಕಲ್ಲು, ಅಳಿಸಬೇಕು. ಸಡಿಲ ಕಲ್ಲೆಂದರೆ ಅಲ್ಲಿ ಬೇಕಾದ ವಸ್ತು. ಆಚೆ ದಡದಿಂದ ದೋಣಿಯಲ್ಲಿ ಕಲ್ಲು ಸಾಗಿಸುವುದು ಕಷ್ಟ, ಆದ್ದರಿಂದ ನಕ್ಷೆಯಲ್ಲಿ ಇಲ್ಲದ ಕಲ್ಲನ್ನು ಅಲ್ಲಿನ ಕೆಲಸಗಾರರು ಎತ್ತಿ ದಾರಿ ರಿಪೇರಿಗೆ ಹಾಕುತ್ತಾರೆ. ನನ್ನ ಬೆರಳು ಅಳಿಸುವ ಗುಂಡಿಯ ಮೇಲೆಯೇ ಇತ್ತು. ಆದರೆ ಆ ಕಲ್ಲುಗಳೆಲ್ಲ ನಿಂತಿದ್ದವು. ಬಿದ್ದ ಕಲ್ಲು ಮಲಗುತ್ತದೆ. ಇಷ್ಟು ವರ್ಷ ಪಾಳು ಗೋಡೆಗಳನ್ನು ನೋಡಿದ ನನಗೆ ಅಷ್ಟು ಗೊತ್ತು. ಇವುಗಳನ್ನು ಯಾರೋ ಒಂದೊಂದಾಗಿ ಮಣ್ಣಿಗೆ ಒತ್ತಿ ನಿಲ್ಲಿಸಿದ್ದರು.

ಶೆಣೈ ಅವರನ್ನು ಕರೆದು ತೋರಿಸಿದೆ. ಗಿರಾಕಿಗೆ ಬರೆದು ಕೇಳಿದರು. ಹೊಲ ಹಸನು ಮಾಡಿ ಎಸೆದ ಕಲ್ಲುಗಳಿರಬೇಕು, ತೆಗೆಯಿರಿ ಎಂದು ಉತ್ತರ ಬಂತು.

"ತೆಗಿ ಮತ್ತೆ" ಎಂದರು ಶೆಣೈ.

"ಆ ಬಂಡೆ ಮೇಲೆ ಹೊಲ ಎಲ್ಲಿಂದ ಬಂತು ಸಾರ್? ಎರಡು ದಿನ ಟೈಮ್ ಕೊಡಿ" ಎಂದೆ. ಅವರು ಗೊಣಗುತ್ತಾ ಹೋದರು.

ಆ ಭಾನುವಾರ ಸಿಸ್ಟರ್ ನೋರಾ ಅವರನ್ನು ನೋಡಲು ಲಂಗಾಟಾಕ್ಕೆ ಹೋದೆ. ನನ್ನ ಮಗಳಿಗೆ ಶಾಲೆಯಲ್ಲಿ ಪಾಠ ಹೇಳಿದವರು. ಐರ್ಲೆಂಡಿನವರು, ಹರೆಯದಲ್ಲೇ ಸಂನ್ಯಾಸಿನಿಯಾಗಿ ಕೀನ್ಯಾಕ್ಕೆ ಬಂದು ಇಲ್ಲೇ ಮುದುಕಿಯಾದರು. ವಯಸ್ಸಾದ ಸಿಸ್ಟರ್‌ಗಳ ಮನೆಯಲ್ಲಿ, ತೋಟದ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದರು. ಪ್ರತಿ ಸಲವೂ ನಾನು ಕೋಡುಬಳೆ ಒಯ್ಯುತ್ತಿದ್ದೆ, ಹಲ್ಲಿಲ್ಲದಿದ್ದರೂ ಚಹಾದಲ್ಲಿ ಅದ್ದಿ ತಿನ್ನುವರು. ಅವತ್ತು ನಾನು ದ್ವೀಪದ ಹೆಸರು ಹೇಳಲಿಲ್ಲ. ನಿಮ್ಮ ಕಡೆಯ ಒಂದು ದ್ವೀಪ ಬರೆಯುತ್ತಿದ್ದೇನೆ, ಬೋರಲು ಮಡಕೆಯಂಥ ಗುಡಿಸಲುಗಳಿವೆ ಎಂದಷ್ಟೇ ಅಂದೆ. ಹೆಸರನ್ನು ಅವರೇ ಹೇಳಿದರು. ಹೇಳಿ, ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

"ಚರ್ಚಿನ ಉತ್ತರಕ್ಕೆ ಸಣ್ಣ ಕಲ್ಲುಗಳಿವೆಯಾ?" ಎಂದು ಕೇಳಿದರು.

"ಇವೆ. ನಿಮಗೆ ಹೇಗೆ ಗೊತ್ತು?"

"ನನ್ನ ತಮ್ಮ ಅಲ್ಲಿದ್ದಾನೆ."

ಅವರ ಹಳ್ಳಿ ಆ ದ್ವೀಪದ ಎದುರಿನ ದಡದಲ್ಲಿತ್ತಂತೆ. ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಆಗುವ ಮೊದಲೇ ಸತ್ತ ಮಕ್ಕಳನ್ನು ಊರಿನ ಚರ್ಚಿನ ಸ್ಮಶಾನದಲ್ಲಿ ಹೂಳಲು ಆಗ ಬಿಡುತ್ತಿರಲಿಲ್ಲ. ಅಂಥ ಮಕ್ಕಳಿಗೆ ಸ್ವರ್ಗವೂ ಇಲ್ಲ ಎಂದು ಹೇಳುತ್ತಿದ್ದರು. ಜನ ಮಕ್ಕಳನ್ನು ಬೀದಿಗೆ ಹಾಕುವುದುಂಟೇ? ಯಾವ ಕಾಲದಲ್ಲೋ ಸಂತರು ಪ್ರಾರ್ಥನೆ ಮಾಡಿದ ನೆಲ, ಅಲ್ಲಿ ಯಾರೂ ಬೇಡವೆನ್ನುವುದಿಲ್ಲ ಎಂದು ದ್ವೀಪದ ಪಾಳು ಮಠಕ್ಕೆ ಒಯ್ಯುತ್ತಿದ್ದರು. ಗಂಡಸರು ಮಾತ್ರ, ಸದ್ದಿಲ್ಲದೆ. ಸಿಸ್ಟರ್ ಅವರ ಅಪ್ಪನೂ ಚಿಕ್ಕಪ್ಪನೂ ಮರದ ಪೆಟ್ಟಿಗೆಯನ್ನು ದೋಣಿಯಲ್ಲಿಟ್ಟುಕೊಂಡು ಹೋದರು. ದಡದಲ್ಲಿ ಒಂದು ಬಿಳಿ ಕಲ್ಲು ಆರಿಸಿ ಅಪ್ಪನ ಕೈಗೆ ಕೊಟ್ಟದ್ದು ಪುಟ್ಟ ಹುಡುಗಿಯಾಗಿದ್ದ ಸಿಸ್ಟರ್. ಅವರಮ್ಮ ಮನೆಯ ಬಾಗಿಲಲ್ಲಿ ನಿಂತು ನೋಡಿದರು, ಅಷ್ಟೇ.

"ಆಮೇಲೆ ನಿಮ್ಮಮ್ಮ ಹೋಗಿ ನೋಡಲಿಲ್ಲವಾ?"

"ಇಲ್ಲ. ಯಾವ ಕಲ್ಲು ಅಂತ ಅಪ್ಪನನ್ನು ಕೇಳಲೂ ಇಲ್ಲ. ಅಪ್ಪ ಸತ್ತ ಮೇಲೆ ಕೇಳಲು ಯಾರಿದ್ದರು? ನಾನು ಆಫ್ರಿಕಕ್ಕೆ ಹೊರಡುವ ಮೊದಲು ದೋಣಿ ಹತ್ತಿದ್ದೆ. ಅಲೆ ಜೋರಿತ್ತು, ಇಳಿಯಲು ಆಗಲಿಲ್ಲ."

"ಅದೇ ಚರ್ಚಿಗೆ ನೀವು ಇಡೀ ಜೀವನ ಕೊಟ್ಟಿರಲ್ಲ ಸಿಸ್ಟರ್. ಸಿಟ್ಟು ಬರಲಿಲ್ಲವಾ?"

"ಬಂತು. ಅದನ್ನೂ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ತಂದೆ. ಆ ನಿಯಮ ಈಗ ಇಲ್ಲ. ನಿಯಮ ಹೋಯಿತೆಂದು ಅಮ್ಮನಿಗೆ ಹೇಳೋಣವೆಂದರೆ ಅಮ್ಮನೂ ಇಲ್ಲ."

ತೋಟದ ಹುಲ್ಲಿನಲ್ಲಿ ಹಡಾಡಾ ಹಕ್ಕಿಗಳು ಕರ್ಕಶವಾಗಿ ಕೂಗಿಕೊಂಡವು. ಯಾರಿಗೂ ಹೇಳದಿದ್ದ ನನ್ನ ಮಗುವಿನ ವಿಷಯವನ್ನು ನಾನು ಅವರಿಗೆ ಹೇಳಿದೆ. ಹೇಳುತ್ತಾ ಅತ್ತೆ.

"ತೆಗೆದುಕೊಂಡು ಹೋದ ಮನುಷ್ಯ ಬದುಕಿದ್ದಾನಾ?" ಎಂದು ಕೇಳಿದರು.

"ಇದ್ದಾರೆ. ದಿನಾ ನನ್ನ ಎದುರಿಗೇ ಕೂರುತ್ತಾರೆ."

"ಹಾಗಾದರೆ ಕೇಳು. ಅವನಿರುವಾಗಲೇ ಕೇಳು. ಮತ್ತೆ ನನ್ನ ಕಲ್ಲುಗಳನ್ನು ಅಳಿಸಬೇಡ."

ಸೋಮವಾರ ಶೆಣೈ ಅವರಿಗೆ ಕಲ್ಲುಗಳ ವಿಷಯ ಹೇಳಿದೆ. ನನ್ನ ಪ್ರಶ್ನೆಯನ್ನು ಮಾತ್ರ ಕೇಳಲಾಗಲಿಲ್ಲ. "ಸಾರ್, ಅವು ಮಕ್ಕಳನ್ನ ಹೂತಿರೋ ಜಾಗ. ನಾನು ಅಳಿಸಲ್ಲ" ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕೆಳಗಿನ ರಸ್ತೆ ನೋಡುತ್ತಾ ನಿಂತರು.

"ಅಳಿಸುದು ಬೇಡ. ನಾನು ಬರೀತೇನೆ ಅವರಿಗೆ" ಎಂದರು.

ಬರೆದರು, ಎರಡು ಸಲ. ಈ ಮಾಹಿತಿ ಮಹತ್ವದ್ದು, ಮುಂದಿನ ಅಧ್ಯಯನದಲ್ಲಿ ಪರಿಶೀಲಿಸುತ್ತೇವೆ, ಸದ್ಯಕ್ಕೆ ನಕ್ಷೆಯಿಂದ ಕೈಬಿಡಿ ಎಂದು ಸಭ್ಯವಾದ ಉತ್ತರ ಬಂತು. ಕಂಪ್ಯೂಟರಿನ ನಕ್ಷೆಯೆಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಿದ್ದ ಹಾಗೆ. ಲೇಯರ್ ಎನ್ನುತ್ತೇವೆ. ಯಾವುದನ್ನು ಬೇಕಾದರೂ ಕಾಣದಂತೆ ಮಾಡಬಹುದು. ಗಿರಾಕಿ ಹೇಳಿದ ಮೇಲೆ ಅವರದೇ ಕೊನೆಯ ಮಾತು. ಶೆಣೈ ಒಂದು ನಡುದಾರಿ ಹುಡುಕಿದರು. ಸಣ್ಣ ಕಲ್ಲುಗಳನ್ನು ಬೇರೆ ಲೇಯರಿನಲ್ಲಿ ಒಂದೂ ಬಿಡದೆ ಬರೆ, ಅದನ್ನು ಮುಚ್ಚಿ ಕಳಿಸು, ಮುಂದೆ ಯಾರಾದರೂ ಬುದ್ಧಿಯಿರುವವರು ತೆರೆದಾರು ಎಂದರು. ಹಾಗೇ ಮಾಡಿದೆ. ಒಂದೊಂದು ಕಲ್ಲಿಗೂ ಅದರ ನೆಟ್ಟ ಓರೆ, ಅದರ ಮುರಿದ ಅಂಚು. ಆ ಕೆಲಸವನ್ನು ವಂಜಿರುವಿಗೂ ಕೊಡಲಿಲ್ಲ.

ನಕ್ಷೆ ಹೋದ ದಿನ ಶೆಣೈ ಏನೂ ಹೇಳದೆ ಆ ಲೇಯರನ್ನು ತೆರೆದು ಒಂದು ದೊಡ್ಡ ಪ್ರಿಂಟ್ ತೆಗೆದು, ಸುರುಳಿ ಸುತ್ತಿ ನನ್ನ ಮೇಜಿನ ಮೇಲಿಟ್ಟರು. ಕರಾರಿನ ಪ್ರಕಾರ ಅದು ಆಫೀಸಿನಿಂದ ಹೊರಗೆ ಹೋಗುವಂತಿರಲಿಲ್ಲ. "ಆ ಸಿಸ್ಟರಿಗೆ ತೋರಿಸಿ ವಾಪಸು ತಾ" ಎಂದರು. ವಾಪಸು ತಂದೆಯಾ ಎಂದು ಮತ್ತೆಂದೂ ಕೇಳಲಿಲ್ಲ.

ಸಿಸ್ಟರ್ ಅದನ್ನು ತೊಡೆಯ ಮೇಲೆ ಹರಡಿಕೊಂಡರು. ಕಣ್ಣು ಮಂಜಾಗಿತ್ತು. ನಾನು ಅವರ ಬೆರಳು ಹಿಡಿದು ಚರ್ಚಿನ ಗೋಡೆ ತೋರಿಸಿ, ಅಲ್ಲಿಂದ ಉತ್ತರಕ್ಕೆ ಸರಿಸಿದೆ. ಬಿಳಿ ಕಲ್ಲು ಲೇಸರಿಗೆ ಹೆಚ್ಚು ಹೊಳೆಯುತ್ತದೆ, ಹಾಗಾಗಿ ಬಿಳಿಯವು ಯಾವುವು ಎಂದು ನನಗೆ ಗೊತ್ತಿತ್ತು. ಆದರೆ ಬಿಳಿಯವು ಹಲವಾರಿದ್ದವು. ಎಷ್ಟೋ ಮನೆಗಳ ಹುಡುಗಿಯರು ಆ ದಡದಲ್ಲಿ ಬಿಳಿ ಕಲ್ಲು ಆರಿಸಿರಬೇಕು. ಸಿಸ್ಟರ್ ಯಾವುದನ್ನೂ ಇದೇ ಎನ್ನಲಿಲ್ಲ. ಅಂಗೈಯನ್ನು ಎಲ್ಲವುಗಳ ಮೇಲೆ ಇಟ್ಟುಕೊಂಡು ಕೂತರು. ಹಾಳೆಯನ್ನು ಅವರ ಬೀರುವಿನಲ್ಲೇ ಇಟ್ಟು ಬಂದೆ.

ಮುಂದಿನ ವರ್ಷ ಅದೇ ದ್ವೀಪದ ಹೊಸ ಸ್ಕ್ಯಾನ್ ಬಂತು. ಗೋಡೆಗಳು ಎಷ್ಟು ಜರುಗಿವೆ ಎಂದು ಹೋಲಿಸುವ ಕೆಲಸ. ಹಳೆಯದಕ್ಕೆ ಹಸಿರು, ಹೊಸದಕ್ಕೆ ಕೆಂಪು ಬಣ್ಣ ಕೊಟ್ಟು ಒಂದರ ಮೇಲೊಂದು ಇಡುತ್ತೇವೆ. ಪರದೆಯ ಬೆಳಕಿನಲ್ಲಿ ಎರಡೂ ಕೂಡಿದರೆ ಹಳದಿ, ಅಂದರೆ ಎಲ್ಲ ಇದ್ದಲ್ಲೇ ಇದೆ. ಬರೀ ಹಸಿರು ಕಂಡರೆ ಕಳೆದುಹೋಗಿದೆ. ಗುಡಿಸಲುಗಳು ಹಳದಿ, ಚರ್ಚು ಹಳದಿ. ಉತ್ತರದ ಇಳಿಜಾರು ಪೂರ್ತಿ ಹಸಿರು.

ಒಂದು ಕಲ್ಲೂ ಇರಲಿಲ್ಲ. ಇಳಿಜಾರಿನ ಕೆಳಗೆ, ದ್ವೀಪ ನೋಡಲು ಬರುವವರಿಗಾಗಿ ಹೊಸದಾಗಿ ಒಂದು ದಾರಿ, ಅದರ ಎರಡು ಅಂಚಿಗೂ ಮಲಗಿಸಿದ ಸಣ್ಣ ಕಲ್ಲುಗಳ ಸಾಲು. ನಾನು ಬರೆದ ಕಲ್ಲುಗಳು. ಮಕ್ಕಳ ಮುಖ ಗುರುತಿಸಿದ ಹಾಗೆ ಅವುಗಳ ಮುರಿದ ಅಂಚು ಗುರುತಿಸಿದೆ. ವಂಜಿರು ಎದ್ದು ಬಂದು ಪರದೆ ನೋಡಿ, "ಪೋಲೆ ಮಮಾ, ಪೋಲೆ ಸಾನಾ" ಎನ್ನುತ್ತಾ ನನ್ನ ಬೆನ್ನು ಸವರಿದಳು. ಇಲ್ಲಿಯವರು ದುಃಖದಲ್ಲಿರುವವರಿಗೆ ಹೇಳುವ ಮಾತು ಅದು. ಅಂಥ ಒಂದು ಚಿಕ್ಕ ಮಾತು ನಮ್ಮ ಭಾಷೆಯಲ್ಲಿ ನನಗೆ ಸಿಕ್ಕಿಲ್ಲ.

ನಾನೂ ಅವಳೂ ಕೂತು ದಾರಿಯ ಅಂಚಿನ ಕಲ್ಲುಗಳನ್ನು ಹಳೆಯ ಸ್ಕ್ಯಾನಿನ ಕಲ್ಲುಗಳಿಗೆ ಒಂದೊಂದಾಗಿ ಹೊಂದಿಸಿದೆವು. ಹೆಚ್ಚಿನವು ಸಿಕ್ಕವು, ಕೆಲವು ಸಿಗಲಿಲ್ಲ. ಯಾವ ಕಲ್ಲು ಎಲ್ಲಿ ನಿಂತಿತ್ತು, ಯಾವ ಕಡೆಗೆ ವಾಲಿತ್ತು ಎಂದು ಕೂದಲೆಳೆಯಷ್ಟು ನಿಖರವಾಗಿ ಹೇಳಬಲ್ಲವರಾಗಿದ್ದೆವು. ಶೆಣೈ ಅದನ್ನು ಕಳಿಸಿ, ಸಭ್ಯತೆಯನ್ನೆಲ್ಲ ಬದಿಗಿಟ್ಟು ಫೋನಿನಲ್ಲಿ ಕೂಗಾಡಿದರು. ತಪ್ಪಾಯಿತು ಎಂದು ಆ ಕಡೆಯವರು ಒಪ್ಪಿದರು. ಸಮುದ್ರ ಶಾಂತವಾದಾಗ ಕಲ್ಲುಗಳನ್ನು ಮತ್ತೆ ಅವುಗಳ ಜಾಗದಲ್ಲಿ ನಿಲ್ಲಿಸಲು ಪ್ರಯತ್ನಿಸುತ್ತೇವೆ ಎಂದರು. ನಿಲ್ಲಿಸಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಅಲ್ಲಿಂದ ನಮಗೆ ಸ್ಕ್ಯಾನ್ ಬಂದಿಲ್ಲ.

ಸಿಸ್ಟರ್‌ಗೆ ಹೇಳಬೇಕೋ ಬೇಡವೋ ಎಂದು ಮಗಳಿಗೆ ಫೋನ್ ಮಾಡಿದೆ.

"ಅಮ್ಮಾ, ಯು ಹ್ಯಾವ್ ಟು ಟೆಲ್ ಹರ್" ಎಂದಳು. ನಾನು ಕನ್ನಡದಲ್ಲಿ ಅತ್ತುಕೊಂಡೇ ಕೇಳಿದರೂ ಅವಳದು ಇಂಗ್ಲಿಷಿನಲ್ಲೇ ಉತ್ತರ. ಆದರೆ ಅವಳು ಹೇಳಿದ್ದು ಸರಿ.

ಹೋಗಿ ಹೇಳಿದೆ. ಅಷ್ಟರಲ್ಲಿ ಸಿಸ್ಟರ್ ಹಾಸಿಗೆ ಹಿಡಿದಿದ್ದರು, ಮನಸ್ಸು ಒಮ್ಮೆ ಇಲ್ಲಿ, ಒಮ್ಮೆ ಅವರ ಬಾಲ್ಯದಲ್ಲಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕೈ ಹತ್ತಿರಕ್ಕೆ ಎಳೆದು ಪಿಸುಗುಟ್ಟಿದರು.

"ಅಮ್ಮನಿಗೆ ಹೇಳಬೇಡ."

ಹೇಳುವುದಿಲ್ಲ ಎಂದೆ. ನನ್ನ ಕೆಲಸದ ವರ್ಷಗಳಲ್ಲಿ ಇದಕ್ಕಿಂತ ಕಷ್ಟದ ಗಳಿಗೆ ಇನ್ನೊಂದಿಲ್ಲ.

ನಾನು ನಿವೃತ್ತಳಾದ ಮೇಲೆ ಸಿಸ್ಟರ್ ಹೋದರು. ಮಣ್ಣಿಗೆ ಶೆಣೈ ಅವರೂ ಬಂದರು. ಆಫೀಸನ್ನು ಬೇರೆಯವರಿಗೆ ಒಪ್ಪಿಸಿ ಅವರೂ ಮನೆಯಲ್ಲಿದ್ದರು, ಕೈಯಲ್ಲಿ ಕೋಲು ಬಂದಿತ್ತು. ಸಿಸ್ಟರ್‌ಗಳ ಸ್ಮಶಾನದಲ್ಲಿ ಒಂದೇ ಅಳತೆಯ ಪುಟ್ಟ ಶಿಲುಬೆಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಹೆಸರಿತ್ತು. ವಾಪಸು ಬರುವಾಗ ಕಾರಿನಲ್ಲಿ ನಾನು ಕೊನೆಗೂ ಕೇಳಿದೆ.

"ಸಾರ್, ನನ್ನ ಮಗೂನ ಎಲ್ಲಿಟ್ರಿ?"

ಸ್ವಲ್ಪ ದೂರ ಹೋದ ಮೇಲೆ ಶೆಣೈ ಡ್ರೈವರನಿಗೆ ದಾರಿ ಬದಲಿಸಲು ಹೇಳಿದರು.

ನಮ್ಮವರ ಸ್ಮಶಾನದ ಹಿಂಬದಿಗೆ ಮಕ್ಕಳಿಗೆಂದು ಬಿಟ್ಟ ಒಂದು ಮೂಲೆ ಹಿಂದೆ ಇತ್ತಂತೆ. ಕಾವಲುಗಾರ ಗೇಟು ತೆಗೆದ. ಮುಕ್ಕಾಲು ಪಾಲು ಜಾಗಕ್ಕೆ ಕಾರು ನಿಲ್ಲಿಸಲು ಸಿಮೆಂಟು ಹಾಕಿದ್ದರು. ಉಳಿದದ್ದು ಕಾಂಪೌಂಡಿನ ಪಕ್ಕ ಒಂದು ಪಟ್ಟಿ ಕೆಮ್ಮಣ್ಣು, ಹುಲ್ಲು, ಒಡೆದ ಇಟ್ಟಿಗೆಗಳು. ಶೆಣೈ ಗೇಟಿನಿಂದ ಹೆಜ್ಜೆ ಹಾಕುತ್ತಾ ಹೋದರು, ನಿಂತರು, ಹಿಂದೆ ಬಂದರು. ಒಂದು ಜಕರಾಂಡ ಮರ ಇತ್ತು, ಅದರಿಂದ ಗೋಡೆಯ ಕಡೆಗೆ ಎಂದರು. ಮರ ಇರಲಿಲ್ಲ. ಬುಡವೂ ಕಾಣಲಿಲ್ಲ. ಕೋಲಿನಿಂದ ಹುಲ್ಲು ಸರಿಸಿ ನೋಡಿದರು. ಮತ್ತೆ ಗೇಟಿಗೆ ಹೋಗಿ ಮತ್ತೆ ಅಳೆದುಕೊಂಡು ಬಂದರು. ಜೀವನವಿಡೀ ಜಗತ್ತಿನ ಗೋಡೆಗಳನ್ನು ಅಳೆದ ಮನುಷ್ಯ, ಬಿಸಿಲಿನಲ್ಲಿ ಬೆವರುತ್ತಾ ನಿಂತರು.

"ಇಲ್ಲೇ ಎಲ್ಲೋ, ಲಲಿತಾ" ಎಂದರು. "ಇಲ್ಲೇ ಎಲ್ಲೋ."

ಹೇಳಿ, ಮಗುವಿನ ಹಾಗೆ ಅತ್ತುಬಿಟ್ಟರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ತಡವಾಗಿ ಕೇಳಿದ ನನ್ನ ಮೇಲೂ ಬರಲಿಲ್ಲ.

ಕಾಂಪೌಂಡಿನ ಬುಡದಲ್ಲಿ ಒಂದು ಬೂದು ಕಲ್ಲು ಬಿದ್ದಿತ್ತು. ಎತ್ತಿಕೊಂಡೆ. ಕಾವಲುಗಾರನಿಂದ ಒಂದು ಸಲಾಕೆ ಕೇಳಿ ಇಸಿದುಕೊಂಡು, ಶೆಣೈ ನಿಂತಿದ್ದ ಜಾಗದಲ್ಲೇ ಮಣ್ಣು ತೋಡಿ, ಕಲ್ಲಿನ ಅರ್ಧ ಒಳಗೆ ಹೋಗುವಷ್ಟು ಒತ್ತಿ ಸುತ್ತ ತುಳಿದೆ. ಕೈಯಲ್ಲಿ ಅಲುಗಿಸಿ ನೋಡಿದೆ, ಅಲುಗಲಿಲ್ಲ. ಮುಂದೆ ಯಾರಾದರೂ ಇಲ್ಲಿ ಯಂತ್ರ ನಿಲ್ಲಿಸಿ ಅಳೆದರೆ, ನಿಮ್ಮಂಥ ಯಾರೋ ಹುಡುಗಿ ಎಲ್ಲೋ ಕೂತು ಈ ಜಾಗವನ್ನು ಕ್ಲೀನ್ ಮಾಡುವಾಗ, ಇದು ನಿಂತಿರುವ ಕಲ್ಲು ಎಂದು ಅವಳಿಗೆ ಕಾಣಬೇಕು.